ಬೆಳಕಿಂಡಿ ಬೆಚ್ಚಗ ಮಾಡಿದ ಈರಬಸ್ಯಾ

ಕೇಳ್ರೆಪಾ ಕೇಳ್ರಿ, ನಗೂದಾದ್ರ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ರಿ. ಕಾಶವ್ವ ಕೇಳಿಸ್ಕೊಂಡ್ರ ಇವತ್ತಿಗೂ ಸಿಟ್ಟಾಗ್ತಾಳ. ಈ ಕಾಶವ್ವ ಮಗ್ಗದಾಕಿ. ಆಕಿ ಮಗ ಈರಬಸ್ಯಾ. ಆಳೇನೋ ಬಾಗಲ ತುಂಬ ಬೆಳದಿದ್ದ, ಬುದ್ಧಿ ಮಾತ್ರ ಹೊಸ್ತಿಲ ದಾಟಿರಲಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡಾಂವ, ಒಂದ ಎಳಿ ಹೆಚ್ಚಿಲ್ಲ, ಒಂದ ಎಳಿ ಕಡಿಮಿಲ್ಲ. "ದೇವ್ರೇ, ಇವನ್ನ ಕಟ್ಕೊಂಡು ಹೆಂಗ ಬಾಳೇ ಮಾಡ್ಲೋ" ಅಂತ ಕಾಶವ್ವ ದಿನಾ ಹಣಿ ಬಡ್ಕೊಳ್ಳಾಕಿ.

ಅವರ ಮನಿಗೆ ಸಪಾಟ ಮಣ್ಣಿನ ಮಾಳಿಗಿ. ಮಾಳಿಗಿ ನಡುವ ಒಂದು ಬೆಳಕಿಂಡಿ, ಅದರ ಸುತ್ತ ಗಿಡ್ಡ ಕಲ್ಲಿನ ಕಟ್ಟಿ, ಕಟ್ಟಿ ಮ್ಯಾಲೊಂದು ಗಾಜು. ಆ ಬೆಳಕು ಬೀಳೂವಲ್ಲೇ ಮಗ್ಗ. ಮಗ್ಗದಾಗ ಮಗಳು ನಿಂಬೆವ್ವನ ನಿಶ್ಚಯದ ಸೀರಿ. ಅವರ ಮಂದ್ಯಾಗ ಪದ್ಧತೀನ ಹಂಗ: ತಾಯಿ ನೇಯ್ದ ಸೀರೀನ ಬೀಗರ ಹಿರ್ಯಾ ಕೈಯಾರೆ ಹುಡುಗಿಗೆ ಕೊಡಬೇಕು. ಸೀರಿಗೆ ಕಲೆ ಕಂಡ್ತೋ, ಹಿರ್ಯಾ ಎದ್ದು ಹೋದ, ಸಂಬಂಧ ಮುರೀತು.

ಚಳಿಗಾಲ ಬಂತು. ಮುಂಜಾನೆ ಕಾಶವ್ವ ಎದ್ದು ನೋಡ್ತಾಳ, ಗಾಜಿನ ಅಂಚಿನಿಂದ ತೊಟ್, ತೊಟ್! ಮಳಿ ಇಲ್ಲ, ಮೋಡ ಇಲ್ಲ, ನೀರೆಲ್ಲಿಂದ?

"ಲೇ ಈರಬಸ್ಯಾ, ನಾ ಮನಿ ಕಟ್ಟೂ ಗೌಂಡಿ ಲಾಲಸಾಬನ್ನ ಕರ್ಕೊಂಡ ಬರ್ತೀನಿ. ಮಗ್ಗದ ಮ್ಯಾಲೆ ಹನಿ ಬೀಳತೈತೇನು ನೋಡ್ಕೋತ ಕುಂದ್ರು!"

"ಹೂಂ ಯವ್ವಾ."

ಬಂದು ನೋಡಿದ್ರ ನೂಲು ತೊಯ್ದು ಕೆಂಪ ಬಣ್ಣ ಹರದೈತಿ.

"ಬಿತ್ತು ಯವ್ವಾ! ಒಂದೂ ಬಿಡದಂಗ ನೋಡೀನಿ!"

"ಅಯ್ಯ ನನ್ನ ಕರ್ಮ! ಮ್ಯಾಲಿಂದ ಏನರ ಬಿದ್ರ ಕೆಳಗ ಬೋಗಾಣಿ ಹಿಡೀಬೇಕೋ!"

"ಹಂಗಾ? ಹಿಡೀತೀನಿ ಬಿಡು."

ಕಾಶವ್ವ ಕಣ್ಣೀರು ಒರಸ್ಕೊಂಡು ಹೊಸದಾಗಿ ನೂಲು ಹೂಡಿದಳು. ಅಷ್ಟರಾಗ ಲಾಲಸಾಬ ನಿಚ್ಚಣಿಕಿ ಏರಿ, ಕಟ್ಟಿ ಮುಟ್ಟಿ ನೋಡಿ, ಇಳಿಯೂ ಮುಂದ ಕಾಲು ಜಾರಿದ. ಈರಬಸ್ಯಾ ಓಡಿದ. ಕೈ ಕೊಟ್ನೇನು? ಇಲ್ಲ! ಬೋಗಾಣಿ ಹಿಡಿದ. ಲಾಲಸಾಬ ಧಪ್ಪಂತ ಬೋಗಾಣ್ಯಾಗ ಕುಂತ.

"ಯಾ ಅಲ್ಲಾ!" ಅಂತ ಸೊಂಟ ತಿಕ್ಕೋತ ಆತ ಹೇಳಿದ: "ಕಾಶವ್ವಾ, ಇದು ಸೋರೂದಲ್ಲ. ನೀ ಮುಂಜಾನೆ ಕುದಿಸೂ ಗಂಜಿ ಗಡಿಗಿ ಉಗಿ ಮ್ಯಾಲ ಹೋಗತೈತಿ. ಕಟ್ಟಿ ರಾತ್ರಿಯೆಲ್ಲ ತಣ್ಣಗಾಗಿರತೈತಿ. ಉಗಿ ಅದಕ್ಕ ಬಡದು ನೀರಾಗತೈತಿ. ಕಟ್ಟಿ ಬೆಚ್ಚಗಿಡು, ಹನಿ ನಿಲ್ಲತೈತಿ."

"ಕೇಳಿದೇನೋ ಖೋಡಿ? ಮನಷಾ ಬಿದ್ರ ಬೋಗಾಣಿ ಹಿಡೀತಾರೇನು! ನಡಿ, ಆ ಕಟ್ಟಿ ಅರ ಬೆಚ್ಚಗ ಮಾಡು ಹೋಗು!"

"ಮಾಡ್ತೀನಿ ಯವ್ವಾ."

ಹೋದ. ಒಂದು ಬುಟ್ಟಿ ಕುಳ್ಳು ಒಯ್ದ. ಕಟ್ಟಿ ಸುತ್ತ ಒಟ್ಟಿದ. ಬೆಂಕಿ ಹಚ್ಚಿದ! ಮನಿ ತುಂಬ ಹೊಗಿ. ಕಾಶವ್ವ ಕೆಮ್ಮಿಕೋತ ಮಗ್ಗದ ಮ್ಯಾಲೆ ಬೋರಲ ಬಿದ್ದು ಸೀರಿ ಉಳಿಸ್ಕೊಂಡಳು.

"ಬೆಚ್ಚಗಾಗೇತಿ ಯವ್ವಾ, ಬೇಕಾದ್ರ ಮುಟ್ಟಿ ನೋಡು!"

"ನಿನ್ನ ಬಾಯಾಗ ಮಣ್ಣ ಹಾಕ್ಲಿ! ಚಳಿ ಹತ್ತಿದ್ದಕ್ಕ ಬೆಂಕಿ ಹಚ್ಚಬಾರದೋ! ಮೊದಲ ಮೆತ್ತನ್ನ ಅರಿವಿ ಸುತ್ತು. ಅದರ ಮ್ಯಾಲೆ ತೆಂಗಿನ ನಾರು. ನಾರಿನ ಮ್ಯಾಲೆ ಗೋಣಿತಟ್ಟು. ಕಡೀಕ ಗಚ್ಚು ಮೆತ್ತು. ಎಲ್ಲೂ ಸಂದಿ ಬಿಡಬ್ಯಾಡ, ಬೆಳಕು ಬರೂ ಜಾಗಾ ಅಷ್ಟ ತೆರದಿಡು!"

ಈ ಸಲ ನೋಡ್ರಿ, ಈರಬಸ್ಯಾ ಚಲೋತ್ನಾಗಿ ಮಾಡಿದ. ಹಳೇ ಧೋತರ ಸುತ್ತಿದ, ನಾರು ಬಿಗಿದ, ತಟ್ಟು ಕಟ್ಟಿದ, ಗಚ್ಚು ಮೆತ್ತಿದ. ಮರುದಿನ ಹನಿ ಇಲ್ಲ. ಅದರ ಮರುದಿನಾನೂ ಇಲ್ಲ. ಸೀರಿ ಮುಗೀತು, ಒಂದು ಕಲೆ ಇಲ್ಲ. ಕಾಶವ್ವಗ ಹಿಡಿಸಲಾರದ ಸಂತೋಷ. ಮಗನ ಗಲ್ಲ ಸವರಿ ಅಂದಳು: "ನನ್ನಪ್ಪಾ, ಚಳಿ ಹತ್ತಿದ್ದಕ್ಕ ಯಾವಾಗ್ಲೂ ಹಿಂಗ ಮಾಡಬೇಕು ನೋಡು."

"ಹೂಂ ಯವ್ವಾ, ನೆನಪ ಇಡ್ತೀನಿ."

ನಿಶ್ಚಯದ ಮುಂಜಾನೆ ಬೀಗರ ಹಿರ್ಯಾ, ಹುಡುಗನ ಅಜ್ಜ, ಎಲ್ಲಾರಕಿಂತ ಮೊದಲ ಬಂದ. ಗಡಗಡ ನಡುಗಿಕೋತ ಪಡಸಾಲ್ಯಾಗ ಕುಂತ. ರಾತ್ರಿಯೆಲ್ಲ ಪ್ರಯಾಣ ಮಾಡಿದ ಮುದುಕ, ಕುಂತಲ್ಲೇ ಗೊರಕಿ.

ಕಾಶವ್ವ ಅಡಗಿ ಮನ್ಯಾಗಿಂದ ಕೂಗಿದಳು: "ಈರಬಸ್ಯಾ, ಅಜ್ಜಾರಿಗೆ ಚಳಿ ಹತ್ತೇತಿ, ಒಂದೀಟ ನೋಡೋ!"

"ನೋಡ್ತೀನಿ ಯವ್ವಾ!"

ಚಹಾ ಸೋಸಿ, ಮಗಳ್ನ ಕರ್ಕೊಂಡು ಕಾಶವ್ವ ಹೊರಗ ಬಂದಳು. ಬಂದಾಕಿ ನಿಂತಲ್ಲೇ ನಿಂತಳು. ಅಜ್ಜನ ಕುತಗಿತನಕಾ ಗೋಣಿತಟ್ಟು, ತಟ್ಟಿನ ಮ್ಯಾಲೆ ದಪ್ಪಗ ಗಚ್ಚು, ಮಾರಿ ಅಷ್ಟ ತೆರದೈತಿ. ಗಲ್ಲದ ಕೆಳಗ ನಾರಿನ ಸಂದ್ಯಾಗ ಏನೋ ಕೆಂಪಗ ಇಣುಕತೈತಿ.

ಅಜ್ಜ ಕಣ್ಣು ಬಿಟ್ಟು ನಕ್ಕ. "ಭಾಳ ಬೆಚ್ಚಗ ನಿದ್ದಿ ಹತ್ತಿತ್ತವ್ವಾ. ತಡಾ ಯಾಕ? ತರ್ರಿ ಆ ಸೀರಿ, ಹುಡುಗಿಗೆ ಕೊಟ್ಟಬಿಡ್ತೀನಿ."

ಈರಬಸ್ಯಾ ಕೈಯಾಗಿನ ಗಚ್ಚು ಒರಸ್ಕೋತ ಅಂದ:

"ಅದನ್ನ ನೀವ ಉಟ್ಟೀರಲ್ರಿ ಅಜ್ಜಾರ! ಅಳ್ಳಾಡಬ್ಯಾಡ್ರಿ, ಗಚ್ಚು ಇನ್ನೂ ಹಸಿ ಐತಿ!"