ಮರ ನೀರು ಕುಡಿಯುವ ಮೂರು ದಿನ

ಶಿಷ್ಯೆ ತನ್ನ ಸಂಗೀತದ ಗುರುಗಳನ್ನು ಕೇಳಿದಳು: “ಅಮ್ಮಾ, ತಂದೆ ತೀರಿಕೊಂಡ ಮೇಲೆ ಆರು ತಿಂಗಳು ನಾನು ಹಾಡಲಿಲ್ಲ. ಈಗ ಹಾಡಬೇಕೆನಿಸುತ್ತದೆ. ಆದರೆ ಬಾಯಿ ತೆರೆದರೆ ಸ್ವರ ಎಲ್ಲೆಲ್ಲೋ ಸೋರಿಹೋಗುತ್ತದೆ. ಇನ್ನು ಹಾಡು ನನಗೆ ದಕ್ಕುವುದಿಲ್ಲವೇನೋ ಎಂಬ ಭಯ. ಎಲ್ಲವನ್ನೂ ಮನೆಯಲ್ಲೇ ಸರಿಮಾಡಿಕೊಂಡು, ಒಂದು ಅಪಸ್ವರವೂ ಉಳಿಯದ ಮೇಲೆ ನಿಮ್ಮೆದುರು ಹಾಡುತ್ತೇನೆ. ಅದು ಸರಿಯಲ್ಲವೇ?”

ಗುರುಗಳು ಅವಳನ್ನು ಹತ್ತಿರ ಕೂರಿಸಿಕೊಂಡರು. “ನಾನು ಹುಟ್ಟಿದ ಊರಿನ ದೋಣಿಯವರು ಇದಕ್ಕೆ ಒಂದೇ ಒಂದು ಮಾತು ಹೇಳುತ್ತಿದ್ದರು. ‘ಕು’ ಎಂದು ಶುರುವಾಗುತ್ತಿತ್ತು... ಅಲ್ಲ, ‘ಊ’ ಇರಬೇಕು. ಊರು ಬಿಟ್ಟು ಐವತ್ತು ವರ್ಷವಾಯಿತು, ಮಾತು ಅಲ್ಲೇ ಉಳಿದುಕೊಂಡಿತು. ಹೋಗಲಿ. ಒಂದು ಮಾತಿನಲ್ಲಿ ಮುಗಿಯಬೇಕಾದದ್ದಕ್ಕೆ ಈಗ ಕತೆಯನ್ನೇ ಹೇಳಬೇಕು, ಕೇಳು” ಎಂದರು.

ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಒಬ್ಬ ವರ್ತಕನಿದ್ದ. ಮೂವತ್ತು ವರ್ಷ ಎಣ್ಣೆ ಮಾರಿದವನು. ಜಿನುಗುವ ಸೀಸೆ ಒಂದಾದರೂ ಅವನ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. ಆ ಹೆಮ್ಮೆ ಅವನಿಗಿತ್ತು. ವಯಸ್ಸಾದ ಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಮರದ ಹಳೆಯ ಹಾಯಿದೋಣಿಯೊಂದನ್ನು ಕೊಂಡ. ಬೇಸಿಗೆಯಿಡೀ ದ್ವೀಪದಿಂದ ದ್ವೀಪಕ್ಕೆ ತೇಲುತ್ತ ಹೋಗಬೇಕೆಂದು ಗಂಡ ಹೆಂಡತಿ ಇಬ್ಬರೂ ಬಹಳ ಕಾಲದಿಂದ ಆಸೆಪಟ್ಟಿದ್ದರು.

ಆ ಕಡೆ ಚಳಿಗಾಲದ ಸಮುದ್ರ ಒರಟು. ದೋಣಿಗಳನ್ನು ದಡಕ್ಕೆಳೆದು ಆಸರೆ ಕೊಟ್ಟು ನಿಲ್ಲಿಸುತ್ತಾರೆ. ವಸಂತ ಬಂದಾಗ ಮತ್ತೆ ನೀರಿಗಿಳಿಸುತ್ತಾರೆ. ಅಷ್ಟರಲ್ಲಿ ಗಾಳಿಗೆ ಮರ ಒಣಗಿ, ಹಲಗೆ ಹಲಗೆಯ ನಡುವೆ ಸಂದಿ ಬಿಟ್ಟಿರುತ್ತದೆ.

ಮೊದಲ ವರ್ಷ ವರ್ತಕ ದೋಣಿ ಇಳಿಸಿದಾಗ ಮೂವತ್ತು ಕಡೆಯಿಂದ ನೀರು ಒಳಗೆ ಬಂತು. ದಡದಲ್ಲಿದ್ದವರು ನಕ್ಕರು. ಅವನು ಅವಮಾನದಿಂದ ದೋಣಿಯನ್ನು ಮೇಲೆಳೆಸಿದ.

ಅಲ್ಲೊಬ್ಬ ಮುದುಕ ಬಡಗಿಯಿದ್ದ. “ಯಜಮಾನರೇ, ನೀರಿನಲ್ಲೇ ಬಿಡಿ. ಎರಡು ದಿನವೋ ಮೂರು ದಿನವೋ, ಮೊಗೆದು ಹಾಕುತ್ತಿರಿ. ಮರ ನೀರು ಕುಡಿದು ಉಬ್ಬಿ, ಸಂದಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ” ಎಂದ.

“ತೂತಾದ ಕೊಡವನ್ನು ಬಾವಿಯಲ್ಲಿ ಮುಳುಗಿಸಿಟ್ಟರೆ ತೂತು ಮುಚ್ಚುತ್ತದೆಯೇನಪ್ಪಾ?”

“ಕೊಡ ಮಣ್ಣಿನದು, ದೋಣಿ ಮರದ್ದು. ನೀವು ಎಣ್ಣೆ ಮಾರಿದವರು, ಮರದ ಮಾತು ನನಗೆ ಬಿಡಿ.”

ವರ್ತಕ ಬಿಡಲಿಲ್ಲ. ಕಲ್ಲಿನಂತೆ ಗಟ್ಟಿಯಾಗುವ ಅಂಟನ್ನು ತಂದು, ಸಂದಿ ಸಂದಿಗೂ ತುಂಬಿ ಒಣಗಿಸಿದ. ದೋಣಿ ನೀರಿಗಿಳಿಯಿತು. ಹನಿ ನೀರು ಒಳಗೆ ಬರಲಿಲ್ಲ. ಅವನು ಮೀಸೆ ತಿರುವಿಕೊಂಡು ಬಡಗಿಯ ಮುಂದೆ ಎರಡು ಸಲ ಓಡಾಡಿದ.

ಮೂರನೆಯ ದಿನ ಬಂದರಿನಲ್ಲೇ ದೋಣಿ ನರಳಿತು. ಮರ ಉಬ್ಬುತ್ತಿತ್ತು, ಉಬ್ಬಲು ಜಾಗವಿರಲಿಲ್ಲ. ಮೊಳೆಗಳು ಕಿತ್ತುಬಂದವು. ಒಂದು ಹಲಗೆ ಸಿಡಿದು ಹೊರಗೆ ಬಂತು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಆದರೆ ಆ ಬೇಸಿಗೆ ಪೂರ್ತಿ ರಿಪೇರಿಯಲ್ಲೇ ಕಳೆಯಿತು.

ಮರುವರ್ಷ ವಸಂತ ಬಂತು. ಹೆಂಡತಿ ಹೇಳಿದಳು: “ನೋಡಿ, ನನ್ನ ಮಂಡಿಯೂ ನಿಮ್ಮ ಕಣ್ಣೂ ನಮಗಾಗಿ ಕಾಯುತ್ತ ಕೂರುವುದಿಲ್ಲ. ಈ ಬೇಸಿಗೆಯೂ ದಡದಲ್ಲೇ ಕಳೆದರೆ ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡೋಣ. ಆಸೆ ಇತ್ತು ಅಂದುಕೊಂಡರಾಯಿತು.”

ವರ್ತಕ ಹಳೆಯ ಅಂಟನ್ನೆಲ್ಲ ಕೆರೆಸಿ ಹಾಕಿದ. ಬಡಗಿಯ ಕೈಯಿಂದ ಸಂದಿಗಳಿಗೆ ಮೆತ್ತಗೆ ಹತ್ತಿ ಒತ್ತಿಸಿ, ದೋಣಿಯನ್ನು ಇಳಿಸಿದ. ಈ ಸಲವೂ ನೀರು ಬಂತು. ಮೇಲೆಳೆಯಿರಿ ಎಂಬ ಮಾತು ಅವನ ಬಾಯಿಯವರೆಗೆ ಬಂತು. ಅದನ್ನು ನುಂಗಿಕೊಂಡು, ಷರಾಯಿಯನ್ನು ಮಂಡಿಯವರೆಗೆ ಮಡಚಿ, ದೋಣಿಯೊಳಗೆ ಕುಕ್ಕರಗಾಲಲ್ಲಿ ಕುಳಿತು ನೀರು ಮೊಗೆಯತೊಡಗಿದ.

ಮೀನುಗಾರನೊಬ್ಬ ದಡದಿಂದ ಕೂಗಿದ: “ಏನು ಯಜಮಾನರೇ, ಸಮುದ್ರವನ್ನು ಖಾಲಿ ಮಾಡುವ ಗುತ್ತಿಗೆ ಹಿಡಿದಿದ್ದೀರಾ?”

“ಹೌದಪ್ಪಾ, ತಳ ಕಂಡ ಕೂಡಲೇ ಹೇಳುತ್ತೇನೆ. ಮೀನು ಹೆಕ್ಕಿಕೊಳ್ಳಲು ಬುಟ್ಟಿ ತಾ” ಎಂದ ವರ್ತಕ. ಹಾಗೆಂದವನಿಗೆ ತಾನೇ ನಗು ಬಂತು. ಆ ದಡದಲ್ಲಿ ಅವನು ಮೊದಲ ಸಲ ನಕ್ಕದ್ದು ಅದು.

ಅವನ ರಟ್ಟೆ ಸೋತಾಗ ಹೆಂಡತಿ ಮೊಗೆದಳು. ಅವಳ ಬೆನ್ನು ಹಿಡಿದಾಗ ಅವನು ಮೊಗೆದ. ಮೊದಲ ದಿನ ಬಕೆಟ್ಟುಗಟ್ಟಲೆ ಹೊರಚೆಲ್ಲಿದರು. ಎರಡನೆಯ ದಿನ ಮೊಗೆಯಲು ಚೊಂಬು ಸಾಕಾಯಿತು. ಮೂರನೆಯ ದಿನ ಮಧ್ಯಾಹ್ನ ಚೊಂಬಿಗೆ ನೀರು ಸಿಗಲಿಲ್ಲ, ಅಂಚು ಮರಕ್ಕೆ ಕೆರೆಯಿತು. ವರ್ತಕ ಅಂಗೈಯನ್ನು ಹಲಗೆಯ ಮೇಲಿಟ್ಟು ನೋಡಿದ. ಹಲಗೆಗಳು ಒಂದನ್ನೊಂದು ಬಿಗಿಯಾಗಿ ಒತ್ತಿ ಹಿಡಿದಿದ್ದವು.

ಹೆಂಡತಿ ಹಾಯಿ ಬಿಚ್ಚಿದಳು. ಗೇಲಿ ಮಾಡಿದ್ದ ಮೀನುಗಾರನೇ ಬಂದು ಹಗ್ಗ ಕಳಚಿಕೊಟ್ಟ. ಗಾಳಿ ಹಾಯಿಯನ್ನು ತುಂಬಿತು. ಆ ಬೇಸಿಗೆ ಅವರು ಹನ್ನೊಂದು ದ್ವೀಪ ನೋಡಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: “ಅಮ್ಮಾ, ಮೂರು ದಿನವೂ ನೀರು ಒಳಗೆ ಬರುವುದನ್ನು ಊರೆಲ್ಲ ನೋಡಿತಲ್ಲ. ಅವನಿಗೆ ನಾಚಿಕೆಯಾಗಲಿಲ್ಲವೇ?”

ಗುರುಗಳು ಮೂಲೆಯಲ್ಲಿದ್ದ ತಂಬೂರಿಯನ್ನು ತಂದು ಅವಳ ತೊಡೆಯ ಮೇಲಿಟ್ಟರು.

“ನೀನು ಹಾಡು, ನೀರು ನಾನು ಮೊಗೆಯುತ್ತೇನೆ.”