ದೊರೆಯ ಕರುಳಿನ ಕಳ್ಳ

“ಕೇಳ್ರಪ್ಪೋ ಕೇಳಿ! ಉದ್ದಂಡರಾಯ ದೊರೆಗಳ ಮೂರು ಒಗಟು ಒಡೆದವರಿಗೆ ಕೇಳಿದ್ದು ಸಿಗುತ್ತೆ. ತಪ್ಪಿದವರ ತಲೆ ಅಮಾಸೆಗೆ ಉರುಳುತ್ತೆ!” ಡಂಗುರದವನು ಊರೆಲ್ಲ ಸಾರಿದ.

ದೊರೆ ದಿನೇ ದಿನೇ ಸೊರಗುತ್ತಿದ್ದ. ಯಾಕೆಂದು ರಾಣಿಗೂ ಹೇಳಿರಲಿಲ್ಲ.

ಸಭೆಯಲ್ಲಿ ದೊರೆ ಮೊದಲ ಒಗಟು ಕೇಳಿದ: “ಮನೆಯಲ್ಲೇ ಹುಟ್ಟಿ, ಮನೆಯ ಅನ್ನ ತಿಂದು, ಮನೆಯನ್ನೇ ಕೆಡವುವ ಕಳ್ಳ ಯಾರು?”

“ಅಳಿಯ!” ಅಂದ ರೇಷ್ಮೆ ವ್ಯಾಪಾರಿಯ ಮಗ.

“ಅಳಿಯ ಮಾವನ ಮನೇಲಿ ಹುಟ್ತಾನೇನೋ?” ಸಭೆ ನಕ್ಕಿತು. ಅವನನ್ನು ಸೆರೆಗೆ ಎಳೆದೊಯ್ದರು. “ಇಲಿ” ಎಂದ ದಳವಾಯಿಯ ಮಗನೂ ಹಿಂದೆಯೇ ಹೋದ.

ಆಮೇಲೆ ಬಂದವನು ಜವರ, ಹೊಗೆಸೊಪ್ಪು ಕೊಯ್ಯುವ ಹುಡುಗ. ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

“ಕೈ ಯಾಕೋ ಮುಚ್ಚಿಡ್ತೀಯ?” ಎಂದ ದೊರೆ.

“ಸೊಪ್ಪಿನ ಅಂಟು, ಬುದ್ಧಿ. ಕಪ್ಪು. ತೊಳೆದರೂ ಹೋಗಲ್ಲ.”

“ಬೀಡಿ ಸೊಪ್ಪಿನವನೂ ಬಂದ!” ಯಾರೋ ಕಿಸಕ್ಕೆಂದರು. ಜವರ ತಲೆ ತಗ್ಗಿಸಿಯೇ ಹೇಳಿದ: “ಆ ಕಳ್ಳ ಕರುಳಿನ ಕ್ಯಾನ್ಸರ್, ಬುದ್ಧಿ. ನಮ್ಮನೇಲೂ ಕಂಡಿದ್ದೀನಿ. ಮನೆ ಅಂದ್ರೆ ಮೈ, ಮೈಯ ಕಣವೇ ಕೆಟ್ಟು ಗಂಟಾಗುತ್ತೆ.”

ದೊರೆಯ ಮುಖ ಬಿಳುಚಿತು. “ಕಣ್ಣಿಲ್ಲ, ಕತ್ತಿಯಿಲ್ಲ. ಊರ ಜನರ ನಡುವೆ ಕಳ್ಳನನ್ನೇ ಹುಡುಕಿ ಹಿಡಿಯುವ ಭಟ ಯಾರು? ಅವನು ಬೆಳೆಯುವುದೆಲ್ಲಿ?”

“ಪ್ರತಿಕಾಯ, ಬುದ್ಧಿ, ರೋಗದ ಮೇಲೆ ಬೀಳೋ ಮೈಯ ಕಾವಲುಗಾರ. ಕೆಟ್ಟ ಕಣದ ಮೇಲಿನ ಗುರುತು ತಡವಿ ಅಂಟಿಕೊಳ್ಳುತ್ತೆ. ನಮ್ಮೂರಲ್ಲಿ ಮದ್ದು ಮಾಡೋ ಔಷಧಿಯಮ್ಮ ಅದನ್ನು ಗಾಜಿನ ಮನೇಲಿ, ಹೊಗೆಸೊಪ್ಪಿನ ಎಲೆಯೊಳಗೇ ಬೆಳೆಸ್ತಾರೆ. ಎದೆ ಸುಡೋ ಸೊಪ್ಪು ಅಂತ ನಾಚ್ಕೊಂಡೇ ಕೊಯ್ತಿದ್ದೆ.”

ದೊರೆಯ ದನಿ ಇಳಿಯಿತು. “ಆ ಕಳ್ಳನನ್ನು ಬಚ್ಚಿಟ್ಟು ಸಾಕಿದವರು ಯಾರು?”

ಜವರ ತಲೆ ಎತ್ತಿದ. ಆಮೇಲೆ ಕಪ್ಪು ಕೈ ಎರಡನ್ನೂ ಮುಂದಕ್ಕೆ ತಂದ.

“ನಾಚಿಕೆ, ಬುದ್ಧಿ. ನಮ್ಮವ್ವ ಬಯಲಿಗೆ ಹೋದಾಗ ರಕ್ತ ಕಂಡಿದ್ದಳು. ಮಗನಿಗೆ ಹೆಂಗೆ ಹೇಳೋದು ಅಂತ ನುಂಗಿಕೊಂಡಳು. ಹೇಳೋ ಹೊತ್ತಿಗೆ ಮೀರಿಹೋಗಿತ್ತು.”

ದೊರೆ ಸಿಂಹಾಸನದಿಂದ ಇಳಿದ. “ನನಗೂ ಅದೇ ಕಣಪ್ಪ. ಹೇಳಲಾರದೆ ಒಗಟು ಕಟ್ಟಿದೆ. ಗುಟ್ಟು ಹೊರಬೀಳದಿರಲಿ, ಜನ ಹೆದರಿ ದೂರ ಇರಲಿ ಅಂತ ಕತ್ತಿ ಮಸೆಸಿದೆ. ಥೂ, ನನ್ನ ಜನ್ಮಕ್ಕೆ! ನಿನ್ನ ಎಲೆಯಿಂದ ವಾಸಿಯಾಗ್ತೀನಾ?”

“ಆಣೆ ಇಡಲಾರೆ ಬುದ್ಧಿ. ಔಷಧಿಯಮ್ಮ ಇನ್ನೂ ಪರೀಕ್ಷೆ ಮಾಡ್ತಾವ್ರೆ. ಬಾಯಿ ಬಿಟ್ಟರೆ ತಾನೇ ಮದ್ದು ಶುರು?”

“ಏನು ಬೇಕೋ ಕೇಳು.”

“ಸೆರೆಯವರನ್ನು ಬಿಡಿ. ನಮ್ಮವ್ವನಂಗೆ ಯಾರೂ ನುಂಗಿಕೊಳ್ಳದಂಗೆ ಇನ್ನೊಂದು ಡಂಗುರ ಹೊಡೆಸಿ.”

ಸೆರೆ ಬಾಗಿಲು ತೆರೆಯಿತು. ಗಾಜಿನ ಮನೆಗೆ ಕೆರೆ ಪಕ್ಕದ ಹೊಲ ಸಿಕ್ಕಿತು, ಅದರ ಉಸ್ತುವಾರಿ ಜವರನಿಗೆ. ಡಂಗುರದವನು ಮಾತ್ರ ಆ ನಾಚಿಕೆಯ ಮಾತು ಆಡಲಾರದೆ ತಡವರಿಸಿದ. ದೊರೆಯೇ ತಮಟೆ ಕೊರಳಿಗೆ ಹಾಕಿಕೊಂಡ.

“ಕೇಳ್ರಪ್ಪೋ ಕೇಳಿ! ಮಲದಲ್ಲಿ ರಕ್ತ ಕಂಡವರು ಮುಚ್ಚಿಡಬೇಡಿ. ನನಗೂ ಕಂಡಿದೆ.”

ಸಂತೆ ಬೀದಿಯಲ್ಲಿ ಜನ ನೆರೆದಿದ್ದರು. ಗುಂಪಿನ ಹಿಂದೆ ಒಬ್ಬ ಮುದುಕಿ ಸೆರಗಿನೊಳಗಿಂದ ಮೆಲ್ಲಗೆ ಕೈ ಎತ್ತಿದಳು. ಜವರ ಹತ್ತಿರ ಹೋಗಿ ತನ್ನ ಕಪ್ಪು ಕೈ ಚಾಚಿದ. ಅವಳು ಹಿಡಿದುಕೊಂಡಳು.