ಮೂರು ಕಚ್ಚು

"ಗುರುಗಳೇ, ನಾವು ಅಯ್ರುಮ್ ಜನ ಮೂಲದಲ್ಲಿ ಯಾರು?" ಎಂದು ಬೈರಾಮ್ ಕೇಳಿದ.

ಅವನು ಅರಸ್ ನದಿಯ ದಕ್ಷಿಣ ದಡದ ಕುರಿಗಾಹಿಗಳ ಮನೆಯವನು. ಆ ದಿನ ಉಣ್ಣೆಯ ವರ್ತಕನೊಬ್ಬನ ಮನೆಗೆ ಹೆಣ್ಣು ಕೇಳಲು ಹೋಗಿದ್ದ. ವರ್ತಕ ನಕ್ಕಿದ್ದ. "ನಿಮ್ಮನ್ನು ಒಬ್ಬರು ಪಡುವಣದ ರೂಮ್ ನಾಡಿನವರು ಅಂತಾರೆ, ಒಬ್ಬರು ತುರ್ಕರು ಅಂತಾರೆ, ಇನ್ನೊಬ್ಬರು ಬೇರೆ ಮತದಿಂದ ಬಂದವರು ಅಂತಾರೆ. ಬುಡವೇ ಗೊತ್ತಿಲ್ಲದವನಿಗೆ ಮಗಳನ್ನು ಹೇಗಪ್ಪಾ ಕೊಡಲಿ? ನಾಳೆಯೊಳಗೆ ತಿಳಿದುಕೊಂಡು ಬಾ."

"ನನ್ನ ಹತ್ತಿರ ಒಂದು ಸಾಕ್ಷಿ ಇದೆ" ಎಂದು ಬೈರಾಮ್ ಗುರುಗಳ ಮುಂದೆ ನೆಲದ ಮೇಲೆ ಬೆರಳಿನಿಂದ ಮೂರು ಗೆರೆ ಎಳೆದ. "ನಮ್ಮ ಕುರಿಗಳ ಕಿವಿಗೆ ಈ ಮೂರು ಕಚ್ಚು ಹಾಕುತ್ತೇವೆ. ತಲೆತಲಾಂತರದಿಂದ ಬಂದದ್ದು. ಇದು ಯಾವ ನಾಡಿನದೆಂದು ಹೇಳಿಬಿಡಿ, ಸಾಕು."

ಗುರು ಕತೆ ಹೇಳಿದರು.

ನದಿಯ ಉತ್ತರಕ್ಕೆ ಒಬ್ಬ ಕುರಿಗಾಹಿ ಇದ್ದ. ಅವನ ಕುರಿಗಳ ಕಿವಿಯಲ್ಲಿ ಅಜ್ಜನ ಕಾಲದ ಗುರುತಿತ್ತು. ದಕ್ಷಿಣದ ದೊರೆಯ ಜನ ಬಂದು ಅದರ ಮೇಲೆ ತಮ್ಮ ಗುರುತು ಹಾಕಿಸಿದರು. ಉತ್ತರದ ದೊರೆಯ ಜನ ಬಂದು ಅದರ ಮೇಲೂ ತಮ್ಮದನ್ನು ಹಾಕಿಸಿದರು. ಹುಟ್ಟಿದ ಮರಿಗಳಿಗೆಲ್ಲ ಆಯಾ ಕಾಲದ ದೊರೆಯ ಗುರುತೇ ಬಿತ್ತು. ಹೀಗೆ ಇಪ್ಪತ್ತು ವರ್ಷ ಕಳೆಯಿತು. ಆಮೇಲೆ ಯುದ್ಧ ಮುಗಿದು ನದಿಯೇ ಗಡಿಯಾಯಿತು. ದಕ್ಷಿಣದವರು, ಈಚೆ ಬನ್ನಿ, ಹುಲ್ಲುಗಾವಲು ಕೊಡುತ್ತೇವೆ ಎಂದು ಕರೆದರು.

ಕುರಿಗಾಹಿ ಯೋಚಿಸಿದ. ಆಚೆಯವರ ಗುರುತು ಕಂಡರೆ ಈಚೆಯವರು ಬಿಡುವುದಿಲ್ಲ. ಈಚೆಯವರದು ಕಂಡರೆ ಆಚೆಯವರು ಬಿಡುವುದಿಲ್ಲ. ಅವನು ಎಲ್ಲ ಕುರಿಗಳ ಕಿವಿಯನ್ನು ಬುಡಕ್ಕೇ ಕತ್ತರಿಸಿದ.

ನದಿ ದಾಟುವ ಹಾಯ್ಗಡದಲ್ಲಿ ಕಾವಲುಗಾರ ತಡೆದ. "ಕಿವಿ ಕತ್ತರಿಸುವವನು ಕಳ್ಳ ಮಾತ್ರ ಕಣಯ್ಯ. ಇವು ನಿನ್ನವು ಅನ್ನೋದಕ್ಕೆ ಏನಿದೆ?"

"ಕರೆದು ತೋರಿಸುತ್ತೇನೆ ಒಡೆಯಾ, ನನ್ನ ದನಿಗೆ ಬರುತ್ತವೆ."

ಅವನು ಕರೆದ. ಕುರಿಗಳೆಲ್ಲ ಓಡಿ ಬಂದು ಅವನ ಕಾಲಿಗೆ ಒತ್ತಿಕೊಂಡು ನಿಂತವು.

"ಒಂದು ಹಿಡಿ ಸೊಪ್ಪು ತೋರಿಸಿದರೆ ನನ್ನ ಹತ್ತಿರವೂ ಬರುತ್ತವೆ, ನಡೆ ನಡೆ" ಎಂದು ಕಾವಲುಗಾರ ಇಡೀ ಮಂದೆಯನ್ನು ಹೊಡೆದುಕೊಂಡು ಹೋದ.

ಕುರಿಗಾಹಿಯ ಕಂಬಳಿಯೊಳಗೆ ಆ ವಾರ ಹುಟ್ಟಿದ, ಇನ್ನೂ ಯಾವ ಗುರುತೂ ಬೀಳದ ಒಂದು ಹೆಣ್ಣುಮರಿ ಇತ್ತು. ಅದೊಂದರ ಜೊತೆ ಅವನು ಈ ದಡಕ್ಕೆ ಬಂದ. ಇಲ್ಲಿಯ ಹಿರಿಯರು, ಗುರುತಿಲ್ಲದ ಮರಿಯನ್ನು ಮೇಯಲು ಬಿಡುವಂತಿಲ್ಲ, ನಿಮ್ಮ ಮನೆಯ ಗುರುತು ಹಾಕು ಎಂದರು. ಅವನಿಗೆ ಸಂತೋಷವಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಯಾರೋ ಅವನ ಗುರುತನ್ನು ಕೇಳಿದ್ದರು. ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕತ್ತಿ ಎತ್ತಿದ. ಕೈ ಹಾಗೇ ನಿಂತಿತು. ಅಜ್ಜನ ಗುರುತು ಹೇಗಿತ್ತೆಂದು ಅವನಿಗೆ ನೆನಪಾಗಲಿಲ್ಲ. ನೋಡಿ ಹಾಕೋಣವೆಂದರೆ ಗುರುತಿದ್ದ ಒಂದು ಕಿವಿಯೂ ಉಳಿದಿರಲಿಲ್ಲ.

ಬೈರಾಮ್ ಮುಂದಕ್ಕೆ ಸರಿದು ಕೂತ.

"ಮತ್ತೆ ಆ ಮರಿಗೆ ಅವನು ಏನು ಹಾಕಿದ, ಗುರುಗಳೇ?"

ಗುರು ನೆಲದ ಗೆರೆಗಳನ್ನು ನೋಡಿದರು.

"ಪಕ್ಕದ ಹಟ್ಟಿಯ ಕುರಿಯನ್ನು ನೋಡಿಕೊಂಡು ಮೂರು ಕಚ್ಚು ಹಾಕಿದ, ಮಗು."